ದೋಸೆ ಚೆನ್ನಾಗಿದೆ ಸಾರ್, ಕೈ ತೊಳೆಯೋದು ಎಲ್ಲಿ?

ದಾವಣಗೆರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಊರಲ್ಲಿ ಹೋಟೆಲ್ ನಡೆಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ, ಮತ್ತೆ ಆ ಹೋಟೆಲ್‌ಗಳಿಗೆ ಮಳಿಗೆ ಬಾಡಿಗೆಗೆ ಕೊಟ್ಟಿರುವ ಕಟ್ಟಡದ ಯಜಮಾನರಿಗೆ ನಮಸ್ಕಾರ.

ಈ ಊರಲ್ಲಿ ಹೊರಗೆ ತಿನ್ನುವುದಕ್ಕೆ ಏನೂ ಕೊರತೆ ಇಲ್ಲ. ಬೆಳಗ್ಗೆ ಬೆಣ್ಣೆ ದೋಸೆ, ಪಡ್ಡು. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ. ಸಂಜೆ ಖಾರ ಮಂಡಕ್ಕಿ, ಮಿರ್ಚಿ. ರಾತ್ರಿ ಬೇಕಾದರೆ ಮಿಲಿಟರಿ ಹೋಟೆಲ್, ಅದೂ ಬೇಡ ಅಂದರೆ ಎಗ್ ರೈಸ್ ಗಾಡಿ. ಎಲ್ಲಾ ಇದೆ. ಆದರೆ ತಿಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಲು ಒಂದು ನಲ್ಲಿ ಬೇಕು, ಹೆಣ್ಣುಮಕ್ಕಳು ಹೆದರಿಕೆ ಇಲ್ಲದೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯ ಬೇಕು. ಅವೆರಡನ್ನು ಹುಡುಕಲು ಹೊರಟು ನೋಡಿ, ಆಗ ಗೊತ್ತಾಗುತ್ತದೆ. ಈ ಪತ್ರ ಅಷ್ಟಕ್ಕೇ.

ಇದನ್ನೆಲ್ಲ ನಾಲ್ಕು ಜನ ಓದುವ ಹಾಗೆ ಬರೆಯಬೇಕಾ ಅಂತ ಮನೆಯಲ್ಲಿ ಕೇಳಿದರು. ತಿನ್ನುವುದರ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು, ಬೆಣ್ಣೆ ಕರಗುವ ವಿಡಿಯೋ ಹಾಕಬಹುದು, ತಿಂದವರು ಆಮೇಲೆ ಏನು ಮಾಡುತ್ತಾರೆ ಅಂತ ಮಾತ್ರ ಕೇಳಬಾರದಂತೆ. ಇರಲಿ, ನಾನು ಕೇಳುತ್ತೇನೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾನು ಇಲ್ಲಿನ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಸರ್ಕಾರಿ ಆಫೀಸಲ್ಲ, ಬೇರೆಯವರ ಜಿಎಸ್‌ಟಿ ಫೈಲ್ ಮಾಡಿಕೊಡುವ ಆಫೀಸು. ನನ್ನ ಟೇಬಲ್ಲಿಗೆ ಬರುವ ಫೈಲುಗಳಲ್ಲಿ ಸಣ್ಣ ಹೋಟೆಲ್, ಖಾನಾವಳಿ, ಬೇಕರಿ, ಕಾಂಡಿಮೆಂಟ್ಸ್, ರೊಟ್ಟಿ ಕೇಂದ್ರಗಳೇ ಜಾಸ್ತಿ. ಅವರ ಬಾಡಿಗೆ ಕರಾರು, ಕರೆಂಟ್ ಬಿಲ್, ಗ್ಯಾಸ್ ಖರ್ಚು, ಟ್ಯಾಂಕರ್ ನೀರಿನ ಖರ್ಚು ಎಲ್ಲ ನನಗೆ ಗೊತ್ತು. ಅದೇ ಹೋಟೆಲ್‌ಗಳಲ್ಲಿ ದುಡ್ಡು ಕೊಟ್ಟು ತಿನ್ನುವವಳೂ ನಾನೇ. ಹಾಗಾಗಿ ಕೌಂಟರ್‌ನ ಎರಡೂ ಕಡೆಯ ಕಷ್ಟ ಸ್ವಲ್ಪ ಸ್ವಲ್ಪ ಗೊತ್ತು.

ಮೊದಲು ಒಂದು ಮಾತು. ಈ ಊರಲ್ಲಿ ಹೊರಗೆ ತಿನ್ನುವವರೆಲ್ಲ ಶೋಕಿಗೆ ತಿನ್ನುವವರಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಆಸ್ಪತ್ರೆಗೆ ಬರುವವರು ಇದ್ದಾರೆ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೂ ಅಲ್ಲಿನವರಿಗೆ ಹುಷಾರು ತಪ್ಪಿದರೆ ಬಸ್ಸು ಹತ್ತುವುದು ದಾವಣಗೆರೆಗೇ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಸುತ್ತಮುತ್ತ ಮಧ್ಯಾಹ್ನ ಒಂದು ಸುತ್ತು ಹಾಕಿ ನೋಡಿ. ಟಿಫನ್ ಡಬ್ಬಿ ಹಿಡಿದುಕೊಂಡು ಅನ್ನ ಸಾಂಬಾರ್ ಪಾರ್ಸೆಲ್ ಕೇಳುವವರಲ್ಲಿ ಹೆಂಗಸರೇ ಜಾಸ್ತಿ. ಬಾಣಂತಿಯ ತಾಯಿ, ಆಪರೇಷನ್ ಆದವರ ಹೆಂಡತಿ, ಅವರ ಅತ್ತಿಗೆ. ಚೌಕಿಪೇಟೆ, ಮಂಡಿಪೇಟೆಗೆ ಮದುವೆ ಜವಳಿ ತೆಗೆಯಲು ಬರುವ ಮನೆಮಂದಿ ಬೇರೆ. ಒಂದು ಸೀರೆ ಒಪ್ಪಿಗೆ ಆಗುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ, ಐದು ಸೀರೆಗೆ ಸಂಜೆ. ಎಪಿಎಂಸಿಗೆ ಮೆಕ್ಕೆಜೋಳ ತಂದವರು, ಹಾಸ್ಟೆಲ್ ಊಟ ಸಾಕಾದ ಇಂಜಿನಿಯರಿಂಗ್, ಮೆಡಿಕಲ್ ಮಕ್ಕಳು, ಪಿಜಿಯಲ್ಲಿ ಇದ್ದುಕೊಂಡು ಕೆಲಸಕ್ಕೆ ಹೋಗುವ ಹುಡುಗಿಯರು. ಇವರಿಗೆಲ್ಲ ಹೋಟೆಲ್ ಅಂದರೆ ಹೊಟ್ಟೆ ತುಂಬಿಸಿಕೊಳ್ಳುವ ಜಾಗ, ಅಷ್ಟೇ.

ಇವರಲ್ಲಿ ಹೆಣ್ಣುಮಕ್ಕಳು ಏನು ಮಾಡುತ್ತಾರೆ ಗೊತ್ತಾ? ನೀರು ಕುಡಿಯುವುದಿಲ್ಲ. ಬೇಸಿಗೆಯಲ್ಲಿ, ಆ ಬಿಸಿಲಲ್ಲಿ, ಖಾರದ ಮಿರ್ಚಿ ತಿಂದೂ ಅರ್ಧ ಲೋಟ ಕುಡಿದು ಲೋಟ ಆಚೆ ಇಡುತ್ತಾರೆ. ಊರಿಗೆ ವಾಪಸ್ ಹೋಗುವ ತನಕ ತಡೆದುಕೊಳ್ಳಬೇಕಲ್ಲ. ಹೀಗೆ ನೀರು ಬಿಟ್ಟು, ತಡೆದುಕೊಂಡು ಮೂತ್ರದ ಸೋಂಕು ಹತ್ತಿಸಿಕೊಂಡವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ತಿಂಗಳ ದಿನಗಳಲ್ಲಿ ಪೇಟೆಗೆ ಬರಬೇಕಾಗಿ ಬಂದರೆ ಅದೊಂದು ದೊಡ್ಡ ಲೆಕ್ಕಾಚಾರ. ಯಾವ ಬಟ್ಟೆ ಅಂಗಡಿಯಲ್ಲಿ ಮೇಲಿನ ಮಹಡಿಯಲ್ಲಿ ಟಾಯ್ಲೆಟ್ ಇದೆ, ಅಲ್ಲಿ ಏನೂ ಕೊಳ್ಳದೆ ಕೇಳಿದರೆ ಏನಂದುಕೊಳ್ಳುತ್ತಾರೆ, ಇದೆಲ್ಲ ತಲೆಯಲ್ಲಿ ಓಡುತ್ತಾ ಇರುತ್ತದೆ. ಗಂಡಸರಿಗೆ ಈ ಲೆಕ್ಕ ಇಲ್ಲ. ಅವರಿಗೆ ಗೋಡೆ ಸಾಕು, ಅದರ ಬಗ್ಗೆ ಬೇರೆ ಪತ್ರ ಬರೆಯಬೇಕು.

ಒಂದು ತಮಾಷೆ ಹೇಳುತ್ತೇನೆ. ಈ ಊರಲ್ಲಿ ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ, ಬಾರ್ ಅಂಡ್ ರೆಸ್ಟೋರೆಂಟ್ ಅಂದರೆ ಅಲ್ಲಿ ಟಾಯ್ಲೆಟ್ ಇದ್ದೇ ಇರುತ್ತದೆ. ಇರಲೇಬೇಕು ಬಿಡಿ, ಬಿಯರ್ ಕುಡಿದವರು ಎಲ್ಲಿಗೆ ಹೋಗಬೇಕು. ಬೆಂಗಳೂರಿನ ಪಬ್ಬುಗಳ ಥರ ಇಲ್ಲಿ ಹುಡುಗಿಯರು ಹೋಗಿ ಕೂರುವ ರೂಢಿ ಇಲ್ಲ, ಸಿಎಲ್-9 ಅನ್ನುವ ಬಾರ್ ಲೈಸೆನ್ಸಿನ ಬೋರ್ಡ್ ಕಂಡರೆ ನಮ್ಮನೆಯವರು ರಸ್ತೆ ದಾಟಿ ನಡೆಯುತ್ತಾರೆ. ಅಂದರೆ ನಾವು ಹೋಗದ ಜಾಗದಲ್ಲಿ ಶೌಚಾಲಯ ಇದೆ, ನಾವು ದಿನಾ ಹೋಗುವ ಜಾಗದಲ್ಲಿ ಇಲ್ಲ. ನಮಗೆ ಅಂತ ಮಾಡಿರುವುದು ಫ್ಯಾಮಿಲಿ ರೂಮ್. ಪ್ಲೈವುಡ್ ಹೊಡೆದು, ಪರದೆ ಇಳಿಬಿಟ್ಟು, ಒಂದು ಫ್ಯಾನ್ ಹಾಕಿದರೆ ಹೆಂಗಸರ ಸೌಕರ್ಯ ಮುಗಿಯಿತು. ನಾವು ತಿನ್ನುವುದನ್ನು ಯಾರೂ ನೋಡದಿರಲಿ ಅಂತ ನಾವೇನೂ ಕೇಳಿರಲಿಲ್ಲ. ಆ ಪರದೆಯ ದುಡ್ಡಲ್ಲಿ ಒಂದು ಬಾಗಿಲಿಗೆ ಚಿಲಕ ಹಾಕಿಸಬಹುದಿತ್ತು.

ಈ ಊರಿನ ತಿಂಡಿಯ ಹೆಸರು ರಾಜ್ಯದಲ್ಲೆಲ್ಲ ಹೋಗುವ ಹಾಗೆ ಮಾಡಿದ್ದು ಯಾರು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. 1928ರಲ್ಲಿ ಬೆಳಗಾವಿ ಕಡೆಯ ಬಿದಕಿ ಅನ್ನುವ ಹಳ್ಳಿಯಿಂದ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದ ಚೆನ್ನಮ್ಮ, ವಸಂತ ಟಾಕೀಸ್ ಹತ್ತಿರ ಸಾವಳಗಿ ನಾಟಕದ ಥಿಯೇಟರ್ ಹೊರಗೆ ರಾಗಿ ಹಿಟ್ಟಿನ ದೋಸೆ ಹಾಕಿ ಮಾರಲು ಶುರು ಮಾಡಿದರು ಅನ್ನುವುದು ಈ ಊರಲ್ಲಿ ಎಲ್ಲರೂ ಹೇಳುವ ಕತೆ. ಹತ್ತು ವರ್ಷದ ಮೇಲೆ, 1938ರಲ್ಲಿ, ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಹಾಕಿ ರುಬ್ಬಿ, ಮೇಲೆ ಬೆಣ್ಣೆ ಹಾಕಿದರು. ಅಲ್ಲಿಂದ ಮುಂದಿನದು ನಿಮಗೇ ಗೊತ್ತು. ನಾಟಕ ನೋಡಲು ಬಂದ ಜನರಿಗೆ ಬೀದಿಯಲ್ಲಿ ಕೂತು ದೋಸೆ ಹಾಕಿದ ಆ ತಾಯಿ ದಿನವಿಡೀ ಹೇಗೆ ನಿಭಾಯಿಸಿದರೋ ಅಂತ ಈ ಕತೆಯಲ್ಲಿ ಯಾರೂ ಹೇಳುವುದಿಲ್ಲ. ಈಗ ಖಾನಾವಳಿಯ ಹಿಂದೆ ಕೂತು ರೊಟ್ಟಿ ಬಡಿಯುವ, ಪಾತ್ರೆ ತಿಕ್ಕುವ ಹೆಂಗಸರನ್ನು ಕೇಳಿ ನೋಡಿ. ಬೆಳಗ್ಗೆಯಿಂದ ಸಂಜೆ ತನಕ ಕೆಲಸ. ಪಕ್ಕದ ಮನೆಯವರು ಒಳ್ಳೆಯವರಾಗಿದ್ದರೆ ಬಚಾವ್. ಇಲ್ಲದಿದ್ದರೆ ಅವರದೂ ಅರ್ಧ ಲೋಟ ನೀರಿನ ಕತೆಯೇ. ನಮ್ಮ ತಟ್ಟೆಯ ರೊಟ್ಟಿ ಆ ಕೈಯಿಂದ ಬರುತ್ತದೆ ಅನ್ನುವುದು ನೆನಪಿದ್ದರೆ, ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಹೊಟ್ಟೆಯ ಪ್ರಶ್ನೆಯೂ ಹೌದು.

ಕೈ ತೊಳೆಯುವುದಕ್ಕೆ ಬರೋಣ. ಬೆಣ್ಣೆ ದೋಸೆ ತಿಂದ ಕೈ ಬರೀ ತಣ್ಣೀರಿಗೆ ಬಿಡುವುದಿಲ್ಲ. ಜಿಡ್ಡು ಇನ್ನೂ ಗಟ್ಟಿಯಾಗಿ ಬೆರಳಿಗೆ ಕೂರುತ್ತದೆ. ಅದಕ್ಕೆ ಸೋಪು ಬೇಕು. ಸೋಪು ಇಡದ ಕಡೆ ಪೇಪರ್ ತುಂಡು ಕೊಡುತ್ತಾರೆ, ಹಳೆಯ ದಿನಪತ್ರಿಕೆ ಹರಿದದ್ದು. ಒರೆಸಿದರೆ ಬೆಣ್ಣೆ ಹೋಗುತ್ತದೆ, ಶಾಯಿ ಬರುತ್ತದೆ. ಮಿರ್ಚಿಯನ್ನೂ ಅದೇ ಪೇಪರಿನ ಮೇಲೆ ಹಾಕಿ ಕೊಡುವುದು ನಿಂತಿಲ್ಲ. ಅಚ್ಚಾದ ಪೇಪರಿನಲ್ಲಿ ತಿನ್ನುವ ಪದಾರ್ಥ ಕಟ್ಟಬೇಡಿ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿತ್ತು.

ಗಾಡಿಗಳಲ್ಲಿ ಇನ್ನೊಂದು ಪದ್ಧತಿ ಇದೆ. ಸ್ಟೀಲ್ ಪ್ಲೇಟಿನ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹೊದಿಸಿ ಅದರ ಮೇಲೆ ಮಂಡಕ್ಕಿ ಹಾಕುತ್ತಾರೆ. ತಿಂದಾದ ಮೇಲೆ ಕವರ್ ಕಿತ್ತು ಬಕೆಟ್ಟಿಗೆ, ಪ್ಲೇಟ್ ಮತ್ತೆ ಮುಂದಿನವರಿಗೆ. ನೋಡಿದವರು ಏನು ಹೇಳುತ್ತಾರೆ? ಇವರಿಗೆ ಪರಿಸರದ ಕಾಳಜಿ ಇಲ್ಲ, ರಾಜ್ಯದಲ್ಲಿ 2016ರಿಂದ ಇಂಥ ಪ್ಲಾಸ್ಟಿಕ್ ನಿಷೇಧ ಇದೆ, ದಂಡ ಹಾಕಿ ಅಂತ. ಒಂದು ನಿಮಿಷ ನಿಲ್ಲಿ. ಆ ಮನುಷ್ಯ ಕವರ್ ಹಾಕುವುದು ಪ್ಲೇಟ್ ತೊಳೆಯಲು ನೀರಿಲ್ಲ ಅಂತ. ಮನೆಯಿಂದ ಕ್ಯಾನ್‌ನಲ್ಲಿ ತಂದ ನೀರಲ್ಲಿ ಕುಡಿಯಲು ಕೊಡಬೇಕು, ಹಿಟ್ಟು ಕಲೆಸಬೇಕು, ಈರುಳ್ಳಿ ತೊಳೆಯಬೇಕು. ಅದರಲ್ಲಿ ಪ್ಲೇಟ್ ತೊಳೆಯಲು ಕೂತರೆ ರಾತ್ರಿ ಎಂಟಕ್ಕೆ ನೀರು ಖಾಲಿ. ಸರಿ, ತೊಳೆದ ನೀರು ಎಲ್ಲಿಗೆ ಚೆಲ್ಲಬೇಕು? ರಸ್ತೆಗೆ ಚೆಲ್ಲಿದರೆ ಅದಕ್ಕೂ ಬೈಗುಳ. ಹತ್ತಿರದಲ್ಲಿ ಒಂದು ನಲ್ಲಿ, ಒಂದು ಚರಂಡಿ ಬಾಯಿ ಇದ್ದಿದ್ದರೆ ಆ ಪ್ಲಾಸ್ಟಿಕ್‌ನಲ್ಲಿ ಮುಕ್ಕಾಲು ಪಾಲು ತಾನಾಗಿ ಹೋಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಬೇಡ ಅನ್ನುವುದರಲ್ಲಿ ನಮ್ಮ ಸರ್ಕಾರಗಳು ಹಿಂದೆ ಬಿದ್ದಿಲ್ಲ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕಬೇಡಿ ಅಂದರು. ಅದೇ ವರ್ಷ ಕಬಾಬಿಗೂ ಬೇಡ ಅಂದರು. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಬೇಡ ಅಂದರು. ಎಲ್ಲವೂ ಸರಿಯಾದದ್ದೇ, ನಾನು ಒಪ್ಪುತ್ತೇನೆ. ಆದರೆ ಬೇಡ ಅನ್ನಲು ಒಂದು ಆದೇಶ ಸಾಕು. ನಲ್ಲಿ ಕೊಡಲು ಪೈಪ್ ಹಾಕಬೇಕು, ಅದಕ್ಕೇ ಅದು ಯಾವಾಗಲೂ ಕಡೆಯ ಸಾಲಿನಲ್ಲಿ ಇರುತ್ತದೆ.

ಈಗ ಹೋಟೆಲ್ ನಡೆಸುವವರ ಪರವಾಗಿ ನಾಲ್ಕು ಮಾತು. ಗಿರಾಕಿಗಳು ಅವರನ್ನೇ ಬೈಯುತ್ತಾರೆ, ನನಗೆ ಅದು ಪೂರ್ತಿ ನ್ಯಾಯ ಅನಿಸುವುದಿಲ್ಲ. ಒಂದು ಸಣ್ಣ ಹೋಟೆಲ್ ಹೇಗೆ ಶುರುವಾಗುತ್ತದೆ ಗೊತ್ತಾ? ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಒಂದು ಮಳಿಗೆ. ಮುಂದೆ ಶಟರ್, ಒಳಗೆ ಒಂದು ಕರೆಂಟ್ ಮೀಟರ್. ಅಷ್ಟಕ್ಕೆ ಲಕ್ಷಗಟ್ಟಲೆ ಅಡ್ವಾನ್ಸ್, 11 ತಿಂಗಳ ಕರಾರು, ಪ್ರತಿ ಸಲ ಕರಾರು ಹೊಸದು ಮಾಡುವಾಗ ಬಾಡಿಗೆ ಏರಿಕೆ. ಕರಾರಿನಲ್ಲಿ ನೀರು ಅನ್ನುವ ಶಬ್ದ ಹುಡುಕಿದರೂ ಸಿಗುವುದಿಲ್ಲ ಎಷ್ಟೋ ಸಲ. ಸಿಕ್ಕರೆ ‘ನೀರಿನ ವ್ಯವಸ್ಥೆ ಬಾಡಿಗೆದಾರರದ್ದು’ ಅಂತ ಇರುತ್ತದೆ. ಊರಿಗೆ ಕುಂದುವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದ ಬರುವ ನೀರಿನ ಮೇಲೆ ನಿಂತು ಹೋಟೆಲ್ ನಡೆಸಲು ಆಗುವುದಿಲ್ಲ, ಟ್ಯಾಂಕರ್ ತರಿಸಬೇಕು. ಬೇಸಿಗೆಯ ತಿಂಗಳುಗಳಲ್ಲಿ ಕೆಲವರ ಲೆಕ್ಕದಲ್ಲಿ ನೀರಿನ ಖರ್ಚು ತರಕಾರಿಯ ಖರ್ಚಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಇಷ್ಟೆಲ್ಲ ಆದ ಮೇಲೆ ನೀವು ಒಂದು ಶೌಚಾಲಯ ಕಟ್ಟಿಸಿ ಅಂದರೆ ಅವರು ಎಲ್ಲಿ ಕಟ್ಟಿಸಬೇಕು? ಒಲೆ ಮೇಲಾ? ಕಟ್ಟಡ ಅವರದಲ್ಲ. ಒಳಚರಂಡಿಗೆ ಸಂಪರ್ಕ ಕೊಡಿ ಅಂತ ಅರ್ಜಿ ಹಾಕಲು ಯಜಮಾನರ ಸಹಿ ಬೇಕು. ಯಜಮಾನರು ಬೆಂಗಳೂರಲ್ಲೋ ಅಮೆರಿಕಾದಲ್ಲೋ ಇರುತ್ತಾರೆ. ಬಾಡಿಗೆ ಮಾತ್ರ ಪ್ರತಿ ತಿಂಗಳು ಐದನೇ ತಾರೀಖಿಗೆ ಖಾತೆಗೆ ಬಿದ್ದಿರಬೇಕು.

ಇನ್ನೂ ಬೇಜಾರಿನ ಸಂಗತಿ ಅಂದರೆ, ಎಷ್ಟೋ ಕಟ್ಟಡಗಳಲ್ಲಿ ಶೌಚಾಲಯ ಇದೆ! ನಕ್ಷೆಯಲ್ಲಿ ತೋರಿಸಬೇಕು ಅಂತ ಕಟ್ಟಿರುತ್ತಾರೆ. ಮೆಟ್ಟಿಲ ಕೆಳಗೆ. ಅದಕ್ಕೊಂದು ಬೀಗ. ಒಳಗೆ ಈರುಳ್ಳಿ ಚೀಲ, ಹಳೆ ಬೋರ್ಡು, ಖಾಲಿ ಎಣ್ಣೆ ಡಬ್ಬ. ನಾನು ಒಂದು ಕಡೆ ಕೇಳಿಯೂ ಕೇಳಿದೆ. “ಅಕ್ಕಾ, ಅದು ಸ್ಟೋರ್ ರೂಮ್” ಅಂದ ಸಪ್ಲೈಯರ್ ಹುಡುಗ. ಅವನು ಎಲ್ಲಿಗೆ ಹೋಗುತ್ತಾನೆ ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ.

ಕಟ್ಟಡದ ಯಜಮಾನರೇ, ಹಾಗಾಗಿ ಈ ಪತ್ರದ ಮುಖ್ಯ ಮಾತು ನಿಮಗೇ. ನೀವು ಚಪ್ಪಲಿ ಅಂಗಡಿಗೆ ಕೊಡುವ ಮಳಿಗೆಯೇ ಬೇರೆ, ಹೋಟೆಲ್‌ಗೆ ಕೊಡುವ ಮಳಿಗೆಯೇ ಬೇರೆ. ಹೋಟೆಲ್ ಅಂತ ಗೊತ್ತಿದ್ದೇ ಬಾಡಿಗೆ ಜಾಸ್ತಿ ಕೇಳುತ್ತೀರಿ, ಹೊಗೆ ಬರುತ್ತದೆ, ಗೋಡೆ ಹಾಳಾಗುತ್ತದೆ ಅಂತ ಕಾರಣ ಕೊಡುತ್ತೀರಿ. ಒಪ್ಪೋಣ. ಹಾಗಾದರೆ ಆ ಜಾಸ್ತಿ ಬಾಡಿಗೆಗೆ ಪ್ರತಿಯಾಗಿ ಒಂದು ನೀರಿನ ಸಂಪರ್ಕ, ಒಂದು ಒಳಚರಂಡಿ ಸಂಪರ್ಕ, ಬಾಗಿಲಿರುವ ಒಂದು ಶೌಚಾಲಯ ಕೊಡುವುದು ನಿಮ್ಮ ಕೆಲಸ ಅಲ್ವಾ?

ಕಾನೂನು ಏನು ಹೇಳುತ್ತದೆ ಅಂತ ಯಾರಾದರೂ ಕೇಳುತ್ತಾರೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ಲೈಸೆನ್ಸ್ ನಿಯಮಗಳಿವೆ. ಅದರಲ್ಲಿ ಶೆಡ್ಯೂಲ್ 4 ಅಂತ ಒಂದು ಭಾಗ. ಕುಡಿಯಲು ಯೋಗ್ಯವಾದ ನೀರು, ಅಡುಗೆ ಮಾಡುವವರಿಗೆ ಕೈ ತೊಳೆಯುವ ವ್ಯವಸ್ಥೆ, ಶೌಚಾಲಯ, ಎಲ್ಲಾ ಅದರಲ್ಲಿ ಬರೆದಿದೆ. ಹೋಟೆಲ್‌ನವರು ಅರ್ಜಿ ಹಾಕುವಾಗ ಇದಕ್ಕೆಲ್ಲ ಬದ್ಧ ಅಂತ ಒಪ್ಪಿಕೊಂಡೇ ಹಾಕುತ್ತಾರೆ. ಅಂದರೆ ಸಿಕ್ಕಿಹಾಕಿಕೊಳ್ಳುವುದು ಬಾಡಿಗೆದಾರರು, ಕೊಡಬೇಕಾದ ಕಟ್ಟಡ ಮಾತ್ರ ಇನ್ನೊಬ್ಬರದ್ದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಲಯಗಳ ಆವರಣದಲ್ಲಿ ಎಲ್ಲರಿಗೂ ಶೌಚಾಲಯ ಇರಬೇಕು ಅಂತ ತೀರ್ಪು ಕೊಡುವಾಗ, ಇದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಅದು ಕೋರ್ಟುಗಳಿಗೆ ಹೇಳಿದ್ದು ನಿಜ. ಕೋರ್ಟಿಗೆ ಬಂದವರಿಗೆ ಇರುವ ಹಕ್ಕು, ಕೋರ್ಟಿನ ಎದುರು ಊಟಕ್ಕೆ ಕೂತವರಿಗೆ ಇರುವುದಿಲ್ಲವಾ ಅಂತ ಕೇಳಿದರೆ ವಕೀಲರು ನಗಬಹುದು, ನಗಲಿ.

ಬೇರೆ ಊರಲ್ಲಿ ಆಗಿದೆ. 2017ರ ಏಪ್ರಿಲ್‌ನಲ್ಲಿ ಆಗಿನ ದಕ್ಷಿಣ ದಿಲ್ಲಿ ಮಹಾನಗರ ಪಾಲಿಕೆ ಒಂದು ನಿಯಮ ತಂದಿತು. ಹೋಟೆಲ್, ರೆಸ್ಟೋರೆಂಟ್‌ಗಳ ಶೌಚಾಲಯವನ್ನು ಯಾರು ಬಂದು ಕೇಳಿದರೂ ಕೊಡಬೇಕು, ಊಟ ಮಾಡಿದವರೇ ಆಗಬೇಕಿಲ್ಲ, ಬೇಕಿದ್ದರೆ 5 ರೂಪಾಯಿ ತನಕ ತೆಗೆದುಕೊಳ್ಳಬಹುದು ಅಂತ. ಅದನ್ನು ಹೋಟೆಲ್‌ಗಳ ಲೈಸೆನ್ಸಿನ ಷರತ್ತಿನಲ್ಲೇ ಸೇರಿಸಿದರು. ಅಲ್ಲಿ ಇದ್ದ ಶೌಚಾಲಯದ ಬಾಗಿಲು ತೆರೆಸಿದರು. ನಮ್ಮಲ್ಲಿ ಮೊದಲು ಇರುವಂತೆ ಮಾಡಬೇಕು, ಅದಕ್ಕೇ ನಮ್ಮ ದಾರಿ ಸ್ವಲ್ಪ ಬೇರೆ ಆಗಬೇಕು.

ಆಯುಕ್ತರೇ, ನಾನು ಕೇಳುವುದು ಇಷ್ಟು. ಟ್ರೇಡ್ ಲೈಸೆನ್ಸ್ ಹೋಟೆಲ್ ನಡೆಸುವವರ ಹೆಸರಲ್ಲಿ ಇರುತ್ತದೆ, ಇರಲಿ. ಆದರೆ ನೀರು, ಒಳಚರಂಡಿ, ಶೌಚಾಲಯದ ಷರತ್ತನ್ನು ಕಟ್ಟಡದ ಮೇಲೆ ಹಾಕಿ. ಆಸ್ತಿ ತೆರಿಗೆ ಕಟ್ಟುವುದು ಯಜಮಾನರು, ಅವರ ಹೆಸರು ಪಾಲಿಕೆಯ ಪುಸ್ತಕದಲ್ಲಿ ಇದ್ದೇ ಇದೆ. ಹೋಟೆಲ್‌ಗೆ ಕೊಟ್ಟಿರುವ ಮಳಿಗೆ ಅಂದರೆ ಇಷ್ಟು ಇರಲೇಬೇಕು ಅಂತ ಅವರಿಗೆ ಪತ್ರ ಹೋಗಲಿ, ಸಮಯ ಕೊಡಿ, ಸಂಪರ್ಕದ ಶುಲ್ಕದಲ್ಲಿ ಸ್ವಲ್ಪ ಕಡಿಮೆ ಮಾಡಿ. ಜಾಗವೇ ಇಲ್ಲದ ಹಳೇ ಪೇಟೆಯ ಕಟ್ಟಡಗಳೂ ಇವೆ. ಗಡಿಯಾರ ಕಂಬದ ಸುತ್ತಮುತ್ತ, ಅಶೋಕ ರಸ್ತೆ, ಚೌಕಿಪೇಟೆ ಕಡೆ ಒಂದಕ್ಕೊಂದು ಅಂಟಿಕೊಂಡ ಅಂಗಡಿಗಳಲ್ಲಿ ಪ್ರತಿಯೊಬ್ಬರೂ ಕಟ್ಟಿಸಿ ಅನ್ನುವುದು ಆಗದ ಮಾತು. ಅಲ್ಲಿ ನಾಲ್ಕೈದು ಹೋಟೆಲ್‌ಗೆ ಸೇರಿ ಒಂದು ಮಾಡಿ. ಜಾಗ ಪಾಲಿಕೆಯದು, ಸ್ವಚ್ಛ ಮಾಡುವ ಖರ್ಚು ಹೋಟೆಲ್‌ನವರದ್ದು.

ಖರ್ಚು ಅಂದ ಕೂಡಲೇ ದೋಸೆ ರೇಟ್ ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಲೆಕ್ಕ ನನ್ನ ಕೆಲಸ, ಹಾಕಿ ತೋರಿಸುತ್ತೇನೆ. ದಿನಕ್ಕೆ 300 ಪ್ಲೇಟ್ ಹೋಗುವ ಹೋಟೆಲ್ ಅಂತ ಇಟ್ಟುಕೊಳ್ಳಿ. ಪ್ಲೇಟಿಗೆ 1 ರೂಪಾಯಿ ಜಾಸ್ತಿ ಮಾಡಿದರೆ ತಿಂಗಳಿಗೆ 9,000 ರೂಪಾಯಿ. ನಾಲ್ಕು ಹೋಟೆಲ್ ಸೇರಿದರೆ 36,000. ಆ ದುಡ್ಡಲ್ಲಿ ಎರಡು ಹೊತ್ತು ತೊಳೆಯುವವರ ಸಂಬಳ, ಫಿನಾಯಿಲ್, ಸೋಪು, ಬಲ್ಬು, ನೀರು ಎಲ್ಲ ಆಗಿ ಮಿಗಬೇಕು. ಬೆಣ್ಣೆ ರೇಟ್ ಏರಿದಾಗ ಐದು, ಹತ್ತು ರೂಪಾಯಿ ಜಾಸ್ತಿ ಮಾಡಿದ್ದೀರಿ, ನಾವು ಮಾತಾಡದೆ ಕೊಟ್ಟಿದ್ದೇವೆ. ಈ 1 ರೂಪಾಯಿಗೆ ಯಾರೂ ಜಗಳ ಮಾಡುವುದಿಲ್ಲ. ಮಾಡಿದರೆ ಅವರ ಮನೆಯ ಹೆಣ್ಣುಮಕ್ಕಳೇ ನೋಡಿಕೊಳ್ಳುತ್ತಾರೆ.

ಸಮಯದ ವಿಷಯ ಮರೆಯಬೇಡಿ. ಸಾರ್ವಜನಿಕ ಶೌಚಾಲಯ ಕಟ್ಟಿಸುವುದು ಅರ್ಧ ಕೆಲಸ, ತೆರೆದಿಡುವುದು ಇನ್ನರ್ಧ. ಪೇಟೆಯಲ್ಲಿ ಮಿರ್ಚಿ ಬಾಣಲೆ ಬಿಸಿಯಾಗುವುದೇ ಸಂಜೆ. ಅಷ್ಟು ಹೊತ್ತಿಗೆ ಬೀಗ ಬಿದ್ದರೆ ಅದು ಯಾರಿಗೆ? ಜಯದೇವ ಸರ್ಕಲ್, ರಾಮ್ ಅಂಡ್ ಕೋ ಸರ್ಕಲ್, ವಿದ್ಯಾರ್ಥಿ ಭವನ ಸರ್ಕಲ್ ಕಡೆ ಜನ ತಿನ್ನಲು ಬರುವ ಹೊತ್ತು ನೋಡಿ ಬಾಗಿಲು ತೆರೆಯುವ ಹೊತ್ತು ಇಡಿ. ಹೊರಗೆ ಲೈಟ್ ಹಾಕಿ. ಒಳಗೂ ಹಾಕಿ.

ಗಾಡಿಯವರ ವಿಷಯದಲ್ಲಿ ಕಾನೂನು ಇನ್ನೂ ಸಲೀಸಾಗಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ. ಅದರ ಪ್ರಕಾರ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಆರಿಸಿ ಬಂದವರು ಇರಬೇಕು, ಅವರಲ್ಲಿ ಮೂರರಲ್ಲಿ ಒಂದು ಭಾಗ ಹೆಂಗಸರು. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಅನ್ನುತ್ತದೆ ಕಾಯ್ದೆ. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ 4.35 ಲಕ್ಷ, ಅದರ ಪ್ರಕಾರವೇ 10,900 ಜನರ ಹತ್ತಿರ ಆಗುತ್ತದೆ. ಆ ಜಾಗ ಗುರುತು ಮಾಡುವಾಗ ಬರೀ ಹಳದಿ ಗೆರೆ ಎಳೆದು ನಂಬರ್ ಬರೆಯಬೇಡಿ. ಗೆರೆ ಎಳೆಯುವ ದಿನವೇ ನಲ್ಲಿ ಎಲ್ಲಿ, ಚರಂಡಿ ಬಾಯಿ ಎಲ್ಲಿ, ಕಸದ ಡಬ್ಬ ಎಲ್ಲಿ ಅಂತ ಗುರುತು ಮಾಡಿ. ಸಮಿತಿಯಲ್ಲಿರುವ ಹೆಂಗಸರನ್ನು ಕೇಳಿದರೆ ಐದು ನಿಮಿಷದಲ್ಲಿ ಹೇಳುತ್ತಾರೆ.

ಒಂದು ಭಯವೂ ಇದೆ, ಹೇಳದೆ ಇರಲಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ರಾಜ್ಯದಲ್ಲಿ ಏನಾಯಿತು ನೆನಪಿರಬೇಕು. ಟೀ ಅಂಗಡಿ, ಬೇಕರಿಗಳಲ್ಲಿ ಕ್ಯೂಆರ್ ಕೋಡ್ ಇಳಿಸಿ ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿಕೊಂಡರು. ಕಾಗದ ಹಿಡಿದು ಯಾರು ಒಳಗೆ ಬಂದರೂ ಈಗ ಸಣ್ಣ ಹೋಟೆಲ್‌ನವರ ಎದೆ ಹೊಡೆದುಕೊಳ್ಳುತ್ತದೆ. ನಾನು ಹೇಳಿದ್ದನ್ನೇ ಹಿಡಿದುಕೊಂಡು, ಶೌಚಾಲಯ ಇಲ್ಲ ಅಂತ ದಂಡದ ರಸೀದಿ ಹರಿಯಲು ಶುರು ಮಾಡಿದರೆ ನನಗೆ ಈ ಪತ್ರ ಬರೆದದ್ದಕ್ಕೆ ಬೇಜಾರಾಗುತ್ತದೆ. ದಂಡ ಕಟ್ಟಿದ ಹೋಟೆಲ್‌ನಲ್ಲೂ ನಲ್ಲಿ ಬಂದಿರುವುದಿಲ್ಲ, ಪಕ್ಕದ ಖಾನಾವಳಿ ಮುಚ್ಚಿರುತ್ತದೆ, ನಾವು ಪಿ.ಬಿ. ರಸ್ತೆಯ ಎಸಿ ರೆಸ್ಟೋರೆಂಟ್‌ಗೆ ಹೋಗಿ ಮೂರು ಪಟ್ಟು ದುಡ್ಡು ಕೊಟ್ಟು ಮೆತ್ತಗಿನ ರೊಟ್ಟಿ ತಿನ್ನಬೇಕಾಗುತ್ತದೆ. ಮೊದಲು ಸಂಪರ್ಕ ಕೊಡಿ, ಆಮೇಲೆ ಕೇಳಿ.

ಹೋಟೆಲ್‌ನವರ ಇನ್ನೊಂದು ಮಾತು ನನಗೆ ಗೊತ್ತು. “ಮಾಡಿಸಿಕೊಟ್ಟರೆ ಜನ ಗಲೀಜು ಮಾಡ್ತಾರಕ್ಕಾ” ಅನ್ನುತ್ತೀರಿ. ಮಾಡುತ್ತಾರೆ, ಸುಳ್ಳಲ್ಲ. ವಾಶ್ ಬೇಸಿನ್‌ನಲ್ಲಿ ಎಲೆ ಅಡಿಕೆ ಉಗಿಯುವವರನ್ನು ನಾನೂ ನೋಡಿದ್ದೇನೆ. ಆದರೆ ಟೇಬಲ್ ಮೇಲೂ ಸಾಂಬಾರ್ ಚೆಲ್ಲುತ್ತಾರೆ, ಅದಕ್ಕೆ ಟೇಬಲ್ ತೆಗೆದುಬಿಟ್ಟಿದ್ದೀರಾ? ಒರೆಸಲು ಒಬ್ಬ ಹುಡುಗನನ್ನು ಇಟ್ಟಿದ್ದೀರಿ. ಇದಕ್ಕೂ ಇಡಿ, ಅವನಿಗೆ ಕೈಗವಸು ಕೊಡಿ, ಆ ಕೆಲಸದವನನ್ನೇ ತಟ್ಟೆ ಹಿಡಿಯಲು ಕಳಿಸಬೇಡಿ. ನಮ್ಮ ಗಂಡಸರಿಗೂ ಹೇಳುತ್ತೇನೆ, ಸ್ವಲ್ಪ ನೀರು ಹಾಕಿ ಬನ್ನಿ.

2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂದಾಗ ಆಫೀಸಿನಲ್ಲಿ ಎಲ್ಲರೂ ಸಂತೋಷ ಪಟ್ಟಿದ್ದೆವು. ಆ ಯೋಜನೆಯ ಅವಧಿಯೂ 2025ರ ಮಾರ್ಚ್‌ಗೆ ಮುಗಿಯಿತು. ಅದರಲ್ಲಿ ಏನಾಯಿತು ಏನಾಗಲಿಲ್ಲ ಅಂತ ಕೆದಕಲು ಹೋಗುವುದಿಲ್ಲ. ನಾನು ಕೇಳುತ್ತಿರುವುದಕ್ಕೆ ದೊಡ್ಡ ಯೋಜನೆ ಬೇಕಾಗಿಯೂ ಇಲ್ಲ. ಟ್ರೇಡ್ ಲೈಸೆನ್ಸ್‌ಗಳ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ಅದಕ್ಕಿಂತ ಮುಂಚೆ ನವೀಕರಣದ ಅರ್ಜಿಯಲ್ಲಿ ಮೂರು ಪ್ರಶ್ನೆ ಸೇರಿಸಿ: ಕಟ್ಟಡದಲ್ಲಿ ನೀರಿನ ಸಂಪರ್ಕ ಇದೆಯಾ, ಒಳಚರಂಡಿ ಸಂಪರ್ಕ ಇದೆಯಾ, ಗಿರಾಕಿಗಳು ಮತ್ತು ಕೆಲಸದವರು ಬಳಸುವ ಶೌಚಾಲಯ ಇದೆಯಾ. ಕೆಳಗೆ ಕಟ್ಟಡದ ಯಜಮಾನರ ಸಹಿಗೆ ಒಂದು ಜಾಗ. ಉತ್ತರ ‘ಇಲ್ಲ’ ಅಂತ ಇದ್ದರೂ ಈ ವರ್ಷ ಲೈಸೆನ್ಸ್ ಕೊಡಿ, ಆದರೆ ಆ ಉತ್ತರಗಳನ್ನು ವಾರ್ಡ್ ಪ್ರಕಾರ ಒಟ್ಟು ಮಾಡಿ ಪಾಲಿಕೆ ಕಚೇರಿಯ ಬೋರ್ಡಿಗೆ ಹಾಕಿ. ಎಲ್ಲಿ ಏನು ಬೇಕು ಅಂತ ನಿಮಗೂ ಗೊತ್ತಾಗುತ್ತದೆ, ನಮಗೂ.

ನನ್ನ ಟೇಬಲ್ಲಿಗೆ ಬರುವ ಹೋಟೆಲ್‌ನವರ ಅರ್ಜಿಗಳನ್ನು ಶುಲ್ಕ ಇಲ್ಲದೆ ತುಂಬಿಕೊಡುತ್ತೇನೆ. ನಮ್ಮ ಸಾಹೇಬರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಕಟ್ಟಡದ ಯಜಮಾನರೇ, ನೀವು ಏಪ್ರಿಲ್ ತನಕ ಕಾಯಬೇಕಾಗಿಲ್ಲ. ನಿಮ್ಮ ಮೆಟ್ಟಿಲ ಕೆಳಗಿನ ಬಾಗಿಲ ಬೀಗದ ಕೀ ಯಾರ ಹತ್ತಿರ ಇದೆ ಅಂತ ಇವತ್ತು ಸಂಜೆ ಒಂದು ಫೋನ್ ಮಾಡಿ ಕೇಳಿ.

ಇಂತಿ,
ನಿಟುವಳ್ಳಿಯಿಂದ ಒಬ್ಬ ಲೆಕ್ಕದವಳು